ಕತ್ತಲೆ ಕೋಣೆಯಲ್ಲಿ, ನಂಬರು ಬರುವ ತನಕ

ನನ್ನ ಅಣ್ಣನ ಮೊಮ್ಮಗಳು ಸ್ನೇಹಾ ಇತ್ತೀಚೆಗೆ ಅಂಧೇರಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದಳು. ಸೇರಿದ ಕೆಲವೇ ದಿನಗಳಲ್ಲಿ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದಳು. ಪರೀಕ್ಷೆ ಪಾಸಾಗಿದೆ, ಕೆಲಸವೂ ಸಿಕ್ಕಿದೆ. ಆದರೆ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಇನ್ನೂ ಆಗಿಲ್ಲ. ಅದಾಗುವ ತನಕ ಔಷಧಿ ಕೊಡುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಅವಳದು ಮುಂಬಯಿಯಲ್ಲೇ ಹುಟ್ಟಿ ಬೆಳೆದವರ ಕನ್ನಡ, ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತದೆ. “ಅಜ್ಜಿ, ನಾನು ಅಲ್ಲಿ ಸಿರ್ಫ್ ನೋಡ್ತಾ ಇರ್ತೀನಿ. ಯೇ ಕೋಯಿ ನರ್ಸಿಂಗ್ ಹೈ ಕ್ಯಾ?” ಎಂದು ಕೇಳಿದಳು, ಬರೀ ನೋಡುತ್ತಿರುವುದೂ ಒಂದು ನರ್ಸಿಂಗೇ ಎಂದು.

ಚಹಾ ಕುಡಿಸಿ ಕಳಿಸಿದೆ. ಅವಳು ಹೋದ ಮೇಲೆ ಹಳೆಯದೆಲ್ಲ ನೆನಪಾಗತೊಡಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ನೇಹಾಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಪ್ಪ ಓದಿ ಹೇಳಲಿ. ನಾನು ಎಷ್ಟು ವರ್ಷ ದುಡಿದೆ, ಕೊನೆಗೆ ಯಾವ ಕುರ್ಚಿಯಿಂದ ಎದ್ದುಬಂದೆ ಎಂಬುದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಹೇಳಬೇಕಾದದ್ದು ನಾನು ಇನ್ನೂ ಪೂರ್ತಿ ನರ್ಸ್ ಆಗಿರದಿದ್ದ ಆ ಕೆಲವು ತಿಂಗಳುಗಳದ್ದು.

ನಾನು ಧಾರವಾಡದ ಹುಡುಗಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಪರೀಕ್ಷೆ ಪಾಸಾಗಿ, ಮುಂಬಯಿಯಲ್ಲಿ ಜೋಗೇಶ್ವರಿಯ ಚಾಳಿನಲ್ಲಿದ್ದ ಅಣ್ಣನ ಮನೆಗೆ ಬಂದೆ. ಪರೇಲಿನ ಒಂದು ಧರ್ಮಾರ್ಥ ಆಸ್ಪತ್ರೆಯವರು ಕೆಲಸ ಕೊಟ್ಟರು. ಆದರೆ ನಾನು ಬರೆದದ್ದು ಕರ್ನಾಟಕದ ಪರೀಕ್ಷೆ. ಮಹಾರಾಷ್ಟ್ರದ ಕೌನ್ಸಿಲ್ ಅದನ್ನು ಒಪ್ಪಿ ನನಗೊಂದು ನೋಂದಣಿ ನಂಬರು ಕೊಡಬೇಕಿತ್ತು. ನಂಬರು ಬರುವ ತನಕ ನನ್ನ ಪಾಲಿನ ಕೆಲಸವೆಂದರೆ ಹಾಸಿಗೆ ಹಾಸುವುದು, ರೋಗಿಗಳ ಮೈ ಒರೆಸುವುದು, ಉಣ್ಣಿಸುವುದು, ಜ್ವರ ಮತ್ತು ನಾಡಿ ನೋಡುವುದು. ಸೂಜಿಮದ್ದಿನ ಟ್ರೇ ಮುಟ್ಟಿದರೆ ಮಾರನೆಯ ದಿನ ಬರಬೇಕಾಗಿಲ್ಲ ಎಂದು ಮ್ಯಾಟ್ರನ್ ಮೊದಲ ದಿನವೇ ಹೇಳಿದ್ದರು. ಇದನ್ನು ಕೇಳಿದ ಅಣ್ಣನಿಗೆ ನನಗಿಂತ ಹೆಚ್ಚು ಬೇಸರವಾಯಿತು. “ಇಷ್ಟೆಲ್ಲಾ ಕಲತು ಮಂದೀ ಮೈ ಒರಸೂದೇನವಾ?” ಎಂದ. ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

ನನ್ನನ್ನು ಹೆಂಗಸರ ವಾರ್ಡಿಗೆ ಹಾಕಿದರು. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಬೆನೆಡಿಕ್ಟಾ ಕಾರ್ಕಳದ ಕಡೆಯವರು. ಎತ್ತರದ, ಸಣಕಲು ಹೆಂಗಸು. ಯಾವತ್ತೂ ಧ್ವನಿ ಏರಿಸಿದವರಲ್ಲ, ಆದರೂ ವಾರ್ಡಿನ ಆ ತುದಿಯವರಿಗೂ ಅವರ ಮಾತು ಮುಟ್ಟುತ್ತಿತ್ತು. ನಾನು ಕನ್ನಡದವಳೆಂದು ತಿಳಿದ ಮೇಲೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರ ಕರಾವಳಿ ಕನ್ನಡ ನನಗೂ, ನನ್ನ ಧಾರವಾಡದ ಕನ್ನಡ ಅವರಿಗೂ ಮೊದಮೊದಲು ಅರ್ಧಂಬರ್ಧ ತಿಳಿಯುತ್ತಿತ್ತು.

ಅವರು ಕಲಿಸಿದ ಮೊದಲ ಪಾಠ ನಾಡಿಯದು. ನಾನು ರೋಗಿಯ ಮಣಿಕಟ್ಟು ಹಿಡಿದೊಡನೆ ಗಡಿಯಾರ ನೋಡುತ್ತಿದ್ದೆ. ಅವರು ಗಡಿಯಾರಕ್ಕೆ ಕೈ ಅಡ್ಡ ಹಿಡಿದು, ಮೊದಲು ಅದು ಎಂಥ ನಾಡಿ ಎಂದು ಹೇಳು, ಎಣಿಸುವುದು ಆಮೇಲೆ ಎಂದರು. ತುಂಬಿ ಬರುತ್ತದೆಯೋ ನೂಲಿನಂತೆ ಬರುತ್ತದೆಯೋ, ಓಡುತ್ತದೆಯೋ ತೊದಲುತ್ತದೆಯೋ ಎಂಬುದನ್ನು ಬೆರಳಿನಿಂದ ತಿಳಿಯಬೇಕಿತ್ತು. ಸೂಜಿ ಹಿಡಿಯುವ ಕೆಲಸವಿದ್ದಿದ್ದರೆ ಇದನ್ನು ಕಲಿಯಲು ನನಗೆ ಪುರುಸೊತ್ತೇ ಇರುತ್ತಿರಲಿಲ್ಲ. ವಾರ್ಡಿನ ಒಂದೊಂದು ಕೈಯನ್ನೂ ಹಿಡಿದು ಕುಳಿತೆ. ಒಬ್ಬೊಬ್ಬರ ಮೈಯೊಳಗೂ ಅದು ಬೇರೆ ಬೇರೆ ನಡಿಗೆಯಲ್ಲಿ ನಡೆಯುತ್ತಿತ್ತು.

ಆ ವಾರ್ಡಿನಲ್ಲಿ ಹೃದಯ ಸೋತ ಒಬ್ಬ ಅಜ್ಜಿಯಿದ್ದಳು. ಒಂದು ಬೆಳಿಗ್ಗೆ ಅವಳ ಕೈ ಹಿಡಿದು ಕುಳಿತಿದ್ದಾಗ ನಾಡಿ ತೆಳ್ಳಗಾಗುತ್ತ ಬಂತು. ನಡುವೆ ಒಂದೆರಡು ಬಡಿತ ತಪ್ಪಿತು, ಮತ್ತೆ ಬಂತು, ಆಮೇಲೆ ಬರಲಿಲ್ಲ. ಬರಬಹುದೆಂದು ನಾನು ಬೆರಳು ತೆಗೆಯದೆ ಕಾಯುತ್ತಲೇ ಇದ್ದೆ. ಸಿಸ್ಟರ್ ಬೆನೆಡಿಕ್ಟಾ ಬಂದು ನನ್ನ ಬೆರಳುಗಳ ಮೇಲೆ ತಮ್ಮ ಕೈ ಇಟ್ಟರು. “ಹೋದರು. ಈಗ ಕೈ ತೆಗಿ, ನಿಧಾನ” ಎಂದರು. ಅಜ್ಜಿಯ ಕೈ ಇನ್ನೂ ಬೆಚ್ಚಗಿತ್ತು. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ನಿಲ್ಲದ್ದು ನನ್ನ ಬೆರಳ ತುದಿಯ ಕೆಳಗೆ ನಿಂತಿತ್ತು. ಆ ದಿನ ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಹೋಗುವಾಗ ಸುತ್ತಲಿನ ಹೆಂಗಸರ ಮಣಿಕಟ್ಟುಗಳನ್ನೇ ನೋಡುತ್ತಿದ್ದೆ. ಮೇಲಿನ ಹಿಡಿಕೆ ಹಿಡಿದು ತೂಗಾಡುತ್ತಿದ್ದ ಅಷ್ಟೂ ಕೈಗಳೊಳಗೆ ಅದು ನಡೆಯುತ್ತಲೇ ಇತ್ತು.

ಅದಾದ ಮೇಲೆ ಸಿಸ್ಟರ್ ನನ್ನನ್ನು ಕತ್ತಲೆ ಕೋಣೆಗೆ ಕರೆದೊಯ್ದರು.

ವಾರ್ಡಿನ ಕೊನೆಯಲ್ಲಿ ಮೂರು ಮಂಚಗಳ ಒಂದು ಕೋಣೆಯಿತ್ತು. ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ. ಬಾಗಿಲ ತಿರುಗಣಿಗಳಿಗೆ ಎಣ್ಣೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಬಳೆ ತೆಗೆಯಬೇಕು. ಅದು ಧನುರ್ವಾಯುವಿನ ರೋಗಿಗಳ ಕೋಣೆ. ಸಣ್ಣ ಗಾಯದಿಂದ ಒಳಹೊಕ್ಕ ವಿಷ ನರಗಳಿಗೆ ಏರಿ, ಇಡೀ ಮೈಯನ್ನು ಬಿಲ್ಲಿನಂತೆ ಬಗ್ಗಿಸುವ ಕಾಯಿಲೆ. ದವಡೆ ಕಚ್ಚಿಕೊಳ್ಳುತ್ತದೆ. ಚಮಚ ಬಿದ್ದ ಸದ್ದು, ಮುಖದ ಮೇಲೆ ಬಿದ್ದ ಬೆಳಕು, ಹೇಳದೆ ಮುಟ್ಟಿದ ಕೈ, ಯಾವುದಾದರೂ ಸಾಕು, ಸೆಳವು ಬರುತ್ತದೆ. ಇವೆಲ್ಲ ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಓದಿಯೂ ಮನಸ್ಸಿಗೆ ಇಳಿಯದಿದ್ದ ಒಂದು ಮಾತನ್ನು ಸಿಸ್ಟರ್ ಬಾಗಿಲ ಹೊರಗೇ ನಿಲ್ಲಿಸಿ ಹೇಳಿದರು. ಈ ರೋಗಿಗಳಿಗೆ ಎಚ್ಚರ ತಪ್ಪುವುದಿಲ್ಲ. ಮೈ ಮುರಿಯುವಂತೆ ಬಗ್ಗುವಾಗಲೂ ಬುದ್ಧಿ ತಿಳಿಯಾಗಿಯೇ ಇರುತ್ತದೆ.

ಒಳಗೆ ನನ್ನ ವಯಸ್ಸಿನ ಹೆಂಗಸೊಬ್ಬಳಿದ್ದಳು. ಹೆಸರು ಮಲ್ಲವ್ವ. ವಿಜಯಪುರ ಜಿಲ್ಲೆಯವಳು, ಗಂಡ ಹಣಮಂತನೊಡನೆ ಅಂಧೇರಿಯಲ್ಲಿ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಬಂದವಳು. ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆಯ ಮೊಳೆ ಅಂಗಾಲಿಗೆ ಚುಚ್ಚಿತ್ತು. ಗಾಯ ಆಗಲೇ ಮಾಯುತ್ತ ಬಂದಿತ್ತು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಮೊಲೆಹಾಲು ಕುಡಿಯುವ ಮಗನೊಬ್ಬ ಗುಡಿಸಲಿನಲ್ಲಿ ಪಕ್ಕದವರ ಕೈಯಲ್ಲಿದ್ದ.

“ನೀನು ಇಲ್ಲಿ ಕೂತುಕೋ” ಎಂದರು ಸಿಸ್ಟರ್. “ಮುಟ್ಟುವ ಮೊದಲು ಎಂತ ಮಾಡ್ತೇನೆ ಅಂತ ಅವಳಿಗೆ ಹೇಳು. ನಿಮ್ಮ ಊರಿನ ಮಾತಲ್ಲೇ ಹೇಳು, ಮೆಲ್ಲಗೆ. ಮತ್ತೆ ನೋಡ್ತಾ ಇರು. ನಿನಗಿರುವ ಕೆಲಸ ಅದು.”

ಹೀಗೆ ನಾನು ಮಲ್ಲವ್ವನ ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಈಗ ನಿನ್ನ ಕೈ ಹಿಡಿತೀನವ್ವ, ಈಗ ತುಟಿ ಒರಸತೀನಿ, ಈಗ ಮಗ್ಗಲಾ ಹೊಳ್ಳಸತೀವಿ ಎಂದು ಉಸಿರಿನಷ್ಟು ಸಣ್ಣ ದನಿಯಲ್ಲಿ ಹೇಳಿ ಹೇಳಿ ಮುಟ್ಟುತ್ತಿದ್ದೆ. ಹೇಳಿ ಮುಟ್ಟಿದರೆ ಮೈ ಅಷ್ಟು ಬೆಚ್ಚುತ್ತಿರಲಿಲ್ಲ. ಅದನ್ನು ಮೊದಲ ಸಲ ಕಂಡಾಗ ನನಗೆ ರೋಮಾಂಚನವಾಯಿತು. ಮಾತಿಗೆ ಹೀಗೂ ಒಂದು ಕೆಲಸವಿದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿದುಕೊಂಡು ತುಟಿ ಎರಡೂ ಬದಿಗೆ ಎಳೆದುಕೊಳ್ಳುತ್ತದೆ, ಹುಬ್ಬು ಮೇಲೇರುತ್ತದೆ. ನೋಡಿದವರಿಗೆ ನಗುತ್ತಿರುವಂತೆ ಕಾಣುತ್ತದೆ. ಒಮ್ಮೆ ಹಣಮಂತ ಬಾಗಿಲ ಸಂದಿಯಿಂದ ಹೆಂಡತಿಯನ್ನು ನೋಡಿ, ಹೊರಗೆ ಬಂದು ನನ್ನನ್ನು ಕೇಳಿದ. “ನಗಾಕತ್ತಾಳ್ರಿ ಅಕ್ಕಾರ. ಆರಾಮ ಆಗಾಕತ್ತೈತೇನ್ರಿ?” ಅದು ನಗುವಲ್ಲ, ಕಾಯಿಲೆಯೇ ಎಂದು ಅವನಿಗೆ ಹೇಳಬೇಕಾಯಿತು. ಆಮೇಲೆ ಅವನು ದಿನವೂ ಕೆಲಸ ಮುಗಿಸಿ ಬಂದು ಕೆಳಗೆ ಆಸ್ಪತ್ರೆಯ ಅಂಗಳದಲ್ಲೇ ನಿಲ್ಲುತ್ತಿದ್ದ. ನಾನು ಇಳಿದು ಹೋಗಿ ಸುದ್ದಿ ಹೇಳುತ್ತಿದ್ದೆ.

ಪರೇಲಿನಲ್ಲಿ ಆಗ ಗಿರಣಿಗಳು ಇನ್ನೂ ಕೆಲವು ನಡೆಯುತ್ತಿದ್ದವು. ಪಾಳಿ ಬದಲಾಗುವಾಗ ಅವುಗಳ ಸೈರನ್, ಎಲ್ಲರೂ ಅದನ್ನು ಭೋಂಗಾ ಎನ್ನುತ್ತಿದ್ದರು, ಇಡೀ ಪ್ರದೇಶಕ್ಕೆ ಕೇಳುವಂತೆ ಕೂಗುತ್ತಿತ್ತು. ಆ ಕೂಗು ಗೋಡೆ ದಾಟಿ ಕತ್ತಲೆ ಕೋಣೆಗೂ ಬರುತ್ತಿತ್ತು. ಡಾಕ್ಟರೊಡನೆ ಮಾತಾಡಿ ಸಿಸ್ಟರ್ ನಿದ್ರೆಯ ಮದ್ದಿನ ವೇಳೆಯನ್ನು ಭೋಂಗಾಕ್ಕೆ ಹೊಂದಿಸಿದ್ದರು. ಅದು ಕೂಗುವ ಮೊದಲೇ ಮದ್ದು ಮೈಗೆ ಹತ್ತಿರುತ್ತಿತ್ತು. ನಾನು ಮಲ್ಲವ್ವನ ಕಿವಿಗಳಿಗೆ ಹತ್ತಿ ಇಟ್ಟು, ಅದರ ಮೇಲೆ ಅಂಗೈ ಮುಚ್ಚಿ ಕುಳಿತುಕೊಳ್ಳುತ್ತಿದ್ದೆ. ಕೂಗು ಮುಗಿಯುವ ತನಕ ನನ್ನ ಅಂಗೈಗಳ ನಡುವೆ ಅವಳ ತಲೆ. ಹೊರಗೆ ಸಾವಿರಾರು ಜನ ಪಾಳಿಗೆ ನಡೆಯುತ್ತಿದ್ದರು.

ಒಂದು ದಿನ ಹಣಮಂತನಿಗೆ ತಡೆಯಲಾಗಲಿಲ್ಲ. ಮಗನನ್ನು ಎತ್ತಿಕೊಂಡು ಮೇಲೆ ಬಂದುಬಿಟ್ಟ. ಪಡಸಾಲೆಯಲ್ಲಿ ಮಗು ಅತ್ತಿತು. ಕೋಣೆಯೊಳಗೆ ಮಲ್ಲವ್ವನ ಮೈ ಹಾಸಿಗೆಯಿಂದ ಎದ್ದು ಕಮಾನಾಯಿತು. ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿದ್ದವು. ಸಿಸ್ಟರ್ ಬಂದು ಮದ್ದು ಕೊಟ್ಟರು, ಸೆಳವು ಇಳಿಯಿತು. ಬೆವರು ಒರೆಸಲು ನಾನು ಬಾಗಿದಾಗ ಅವಳ ಎದೆಯ ಮೇಲಿನ ಬಟ್ಟೆ ಒದ್ದೆಯಾಗಿತ್ತು. ಬೆವರಲ್ಲ, ಹಾಲು. ಮೈಯೆಲ್ಲ ಕಲ್ಲಾಗಿದ್ದ ಹೊತ್ತಿನಲ್ಲೂ ಮಗುವಿನ ಅಳು ಕೇಳಿ ಎದೆಯಲ್ಲಿ ಹಾಲು ಇಳಿದಿತ್ತು.

ಸಿಸ್ಟರಿಗೆ ತೋರಿಸಿದೆ. ಅವರು ಆ ಬಟ್ಟೆಯ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರೋಗಿಗಳ ನಡುವೆ ಇದ್ದವರು ಹಾಗೆ ನಿಂತದ್ದನ್ನು ನೋಡಿ, ಬೆರಗು ಹೊಸಬರಿಗಷ್ಟೇ ಅಲ್ಲವೆಂದು ನನಗೆ ತಿಳಿಯಿತು. ಹಾಲು ನಿಲ್ಲಿಸಲು ಗುಳಿಗೆ ಕೊಡಬಹುದೆಂದು ಡಾಕ್ಟರ್ ಹೇಳಿದರು. ಬದುಕಿ ಎದ್ದರೆ ಅವಳಿಗೆ ಹಾಲು ಬೇಕಾಗುತ್ತದೆ, ಸ್ವಲ್ಪ ಕಾಯೋಣವೇ ಎಂದು ಸಿಸ್ಟರ್ ಕೇಳಿದಾಗ ಅವರೂ ಒಪ್ಪಿದರು. ಅಂದಿನಿಂದ, ಹಾಲು ಬತ್ತದಿರಲೆಂದು, ಮದ್ದು ಹತ್ತಿದ ಹೊತ್ತಿನಲ್ಲಿ ಅದನ್ನು ಹಿಂಡಿ ತೆಗೆಯುವುದು ನನ್ನ ಕೆಲಸವಾಯಿತು. ಮದ್ದು ಸೇರಿದ ಹಾಲು ಮಗುವಿಗೆ ಸಲ್ಲದು, ಚೆಲ್ಲುತ್ತಿದ್ದೆವು. ಚೆಲ್ಲುತ್ತಲೇ ಹಾಲನ್ನು ಉಳಿಸಿಕೊಳ್ಳುವ ಆ ಕೆಲಸಕ್ಕೆ ಯಾವ ನಂಬರೂ ಬೇಕಿರಲಿಲ್ಲ.

ಅವಳೊಡನೆ ಮಾತಾಡುತ್ತ ಮಾತಾಡುತ್ತ ನನ್ನ ಮಾತು ಕೆಲಸದಿಂದಾಚೆಗೆ ಹೋಗಿತ್ತು. ಪ್ರತಿದಿನ ಬೆಳಿಗ್ಗೆ, ಇವತ್ತೂ ನನ್ನ ನಂಬರು ಬರಲಿಲ್ಲವ್ವ ಎಂದು ಅವಳಿಗೆ ಹೇಳುತ್ತಿದ್ದೆ. ಅಣ್ಣ ಬೇಜಾರು ಮಾಡಿಕೊಂಡದ್ದು, ಬಳೆ ಹಾಕಿಕೊಳ್ಳಲು ಮರೆತು ಹೋದ ದಿನ ವೈನಿ, ಅಣ್ಣನ ಹೆಂಡತಿ, ನನ್ನ ಬರಿಗೈ ನೋಡಿ ಗೊಣಗಿದ್ದು, ಧಾರವಾಡಕ್ಕೆ ವಾಪಸು ಹೋಗಬೇಕೆನಿಸಿದ್ದು, ಎಲ್ಲವನ್ನೂ ಹೇಳಿದೆ. ಮದ್ದಿನ ಮಂಪರಿನಲ್ಲಿರುವವಳಿಗೆ ಇದೆಲ್ಲ ಎಲ್ಲಿ ಕೇಳಿಸುತ್ತದೆ ಎಂದುಕೊಂಡಿದ್ದೆ.

ಕಾಯಿಲೆ ಇಳಿಮುಖವಾಗುತ್ತಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಒಂದು ಮಧ್ಯಾಹ್ನ ಅದಾಯಿತು. ಯಾವುದೋ ಕ್ರಿಕೆಟ್ ಪಂದ್ಯ ಗೆದ್ದರೆಂದು ಕೆಳಗಿನ ರಸ್ತೆಯಲ್ಲಿ ಪಟಾಕಿಯ ಸರ ಹಚ್ಚಿದರು. ಭೋಂಗಾದ ಹೊತ್ತು ನಮಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಕೋಣೆಯಲ್ಲಿ ಮಲ್ಲವ್ವನಲ್ಲದೆ ತರಕಾರಿ ಮಾರುವ ವಯಸ್ಸಾದ ಹೆಂಗಸೊಬ್ಬಳಿದ್ದಳು. ಇಬ್ಬರಿಗೂ ಒಟ್ಟಿಗೇ ಸೆಳವು ಬಂತು. ಸಿಸ್ಟರ್ ಆಚೆ ಮಂಚದ ಹತ್ತಿರವಿದ್ದರು. ಆ ಮುದುಕಿ ಕೆಳಗೆ ಬೀಳದಂತೆ ಒಂದು ತೋಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅವಳಿಗೆ ಮದ್ದು ಕೊಡುತ್ತಿದ್ದರು. ಇತ್ತ ಮಲ್ಲವ್ವನ ಗಂಟಲು ಬಿಗಿದು ಉಸಿರು ನಿಂತಿತು. ಆ ಮಬ್ಬಿನಲ್ಲೂ ಅವಳ ತುಟಿ ನೀಲಿಯಾದದ್ದು ಕಂಡಿತು.

ಮದ್ದು ತುಂಬಿಟ್ಟ ಸಿರಿಂಜು ನನ್ನ ಮೊಣಕೈ ಪಕ್ಕದ ಟ್ರೇಯಲ್ಲಿ, ಬಟ್ಟೆಯ ಕೆಳಗೆ ಇತ್ತು. ಎಷ್ಟು ಕೊಡಬೇಕು, ಎಷ್ಟು ನಿಧಾನವಾಗಿ ಕೊಡಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಕಲಿಯುವಾಗ ಅಂಥ ಎಷ್ಟೋ ಸೂಜಿ ಕೊಟ್ಟಿದ್ದೆ. ಕೈ ಬಟ್ಟೆಯ ತನಕ ಹೋಯಿತು. ತಲೆಯೆತ್ತಿ ಸಿಸ್ಟರನ್ನು ನೋಡಿದೆ. ಅವರ ಎರಡೂ ಕೈ ಮುದುಕಿಯ ಮೇಲಿದ್ದವು, ಕಣ್ಣು ಆಗಾಗ ನನ್ನ ಮೇಲೆ. “ಮಗ್ಗುಲಿಗೆ ತಿರುಗಿಸು. ಆಕ್ಸಿಜನ್ ಹಿಡಿ. ನಾನು ಬಂದೆ” ಎಂದರು. ಎಂದಿನ ದನಿಯೇ, ಒಂದಿಷ್ಟೂ ಏರಿರಲಿಲ್ಲ. ನಾನು ತಿರುಗಿಸಿದೆ, ಬಾಯಂಚಿನ ಜೊಲ್ಲು ತೆಗೆದೆ, ಆಕ್ಸಿಜನ್ ಹಿಡಿದೆ. ಮಲ್ಲವ್ವನ ಕಣ್ಣು ತೆರೆದೇ ಇದ್ದವು, ನನ್ನನ್ನೇ ನೋಡುತ್ತಿದ್ದವು. ಅವಳಿಗೆ ಎಲ್ಲವೂ ಗೊತ್ತಾಗುತ್ತಿದೆ ಎಂಬುದು ನನಗೂ ಗೊತ್ತಿತ್ತು. ಇಲ್ಲೇ ಇದ್ದೀನವ್ವ, ಸಿಸ್ಟರ್ ಬರ್ತಾರ, ಇಲ್ಲೇ ಇದ್ದೀನಿ ಎಂದು ಹೇಳುತ್ತಲೇ ಇದ್ದೆ. ಸಿಸ್ಟರ್ ಬಂದರು. ಮಂಡಿಯೂರಿ ಕುಳಿತು, ಅವಸರವೇ ಇಲ್ಲದವರ ಹಾಗೆ ಮದ್ದು ಏರಿಸಿದರು. ಎಲ್ಲೋ ಬಹಳ ಆಳದಿಂದ ಒಂದು ಉಸಿರು ಹೊರಬಂತು. ತುಟಿಗೆ ಬಣ್ಣ ಮರಳುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ನೋಡಿರಲಿಲ್ಲ. ಮೊದಲು ಅಂಚಿಗೆ, ಆಮೇಲೆ ನಡುವೆ.

ಸಂಜೆ ಪಾಳಿ ಮುಗಿಸಿ ಬಳೆ ಹಾಕಿಕೊಳ್ಳುವಾಗ, ನೀವು ಬರುವುದು ತಡವಾಗಿದ್ದರೆ ನಾನೇನು ಮಾಡಬೇಕಿತ್ತು ಎಂದು ಸಿಸ್ಟರನ್ನು ಕೇಳಿದೆ.

“ತಡ ಆಗುದಾದ್ರೆ ನಾನು ಕೊಡು ಅಂತ ಹೇಳ್ತಿದ್ದೆ, ನೀನು ಕೊಡ್ತಿದ್ದೆ” ಎಂದರು. “ಮ್ಯಾಟ್ರನ್ ಹತ್ರ ಉತ್ತರ ಹೇಳುದು ನನ್ನ ಕೆಲಸ. ಅದಕ್ಕೇ ಅಲ್ಲಿಂದ ನಿನ್ನನ್ನೂ ಅವಳನ್ನೂ ನೋಡ್ತಾ ಇದ್ದೆ. ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಉಂಟು ಅಂತ ಕಾಣ್ತಿತ್ತು ನನಗೆ.”

ಒಂದು ಜೀವವನ್ನು ತೋಳಿನಲ್ಲಿ ಒತ್ತಿ ಹಿಡಿದುಕೊಂಡು, ಇನ್ನೊಂದು ಜೀವಕ್ಕೆ ಎಷ್ಟು ಹೊತ್ತು ಉಳಿದಿದೆ ಎಂದು ಕತ್ತಲೆಯಲ್ಲಿ ಅಳೆಯುತ್ತ, ಜತೆಗೆ ನನ್ನ ಕೈಯನ್ನೂ ಕಾಯುತ್ತಿದ್ದರು ಆ ಹೆಂಗಸು. ನನಗೆ ಬೇಕಾದದ್ದು ಬರೀ ಒಂದು ನಂಬರಲ್ಲ, ಈ ಕಣ್ಣು ಎಂದು ಆವತ್ತು ಅನಿಸಿತು.

ಆ ಮಧ್ಯಾಹ್ನದ ನಂತರ ಅಂಥ ದೊಡ್ಡ ಸೆಳವು ಬರಲಿಲ್ಲ. ದಿನ ಕಳೆದಂತೆ ಕಿಟಕಿಯ ಕಪ್ಪು ಬಟ್ಟೆಯನ್ನು ಒಂದು ಬದಿಯಿಂದ ಸ್ವಲ್ಪ ಸ್ವಲ್ಪವೇ ಸರಿಸಿದೆವು. ಮಲ್ಲವ್ವನ ಮೈ ಸಡಿಲವಾಗುತ್ತ ಬಂತು. ಕೊನೆಗೆ ದವಡೆಯೂ ಬಿಟ್ಟಿತು. ಒಂದು ಬೆಳಿಗ್ಗೆ ಚಮಚದಲ್ಲಿ ನೀರು ಕುಡಿಸಿದಾಗ ನಿಧಾನವಾಗಿ ನುಂಗಿದಳು. ತುಟಿ ಆಡಿಸಿದಳು. ನೀರು ಬೇಕೋ, ಮಗು ಬೇಕೋ ಎಂದುಕೊಂಡು ನಾನು ಕಿವಿ ಹತ್ತಿರ ಒಯ್ದೆ.

“ಅಕ್ಕಾರ, ನಿಮ್ಮ ನಂಬರ ಬಂತೇನ್ರಿ?”

ಅವಳ ಬಾಯಿಂದ ಬಂದ ಮೊದಲ ಮಾತು ಇದು. ಇನ್ನೂ ಇಲ್ಲವೆಂದು ತಲೆಯಾಡಿಸಿದೆ. ಬರತೈತ್ರಿ, ಊರಿಗೆ ಹೋಗಬ್ಯಾಡ್ರಿ ಎಂದಳು. ಒಮ್ಮೊಮ್ಮೆ ನಿದ್ದೆ ಬರುತ್ತಿತ್ತಂತೆ, ಒಮ್ಮೊಮ್ಮೆ ಎಲ್ಲವೂ ಕೇಳಿಸುತ್ತಿತ್ತಂತೆ. ಕಣ್ಣು ಮುಚ್ಚಿದ್ದಾಗ ತಾನು ಇನ್ನೂ ಇದ್ದೇನೆಂದು ಗೊತ್ತಾಗುತ್ತಿದ್ದದ್ದು ನನ್ನ ದನಿಯಿಂದ ಎಂದು ಆಮೇಲೆ ಹೇಳಿದಳು.

ಮದ್ದು ಪೂರ್ತಿ ನಿಲ್ಲಿಸಿದ ಮೇಲೆ ಹಣಮಂತ ಮಗನನ್ನು ತಂದ. ಮಗು ತಾಯಿಯ ಗುರುತು ಹಿಡಿಯಲಿಲ್ಲ. ಅಪ್ಪನ ಕುತ್ತಿಗೆ ತಬ್ಬಿಕೊಂಡು ಮುಖ ತಿರುಗಿಸಿತು. ಮಲ್ಲವ್ವ ಅಳಲಿಲ್ಲ. ಹಾಸಿಗೆಯ ಮೇಲೆ ತನ್ನ ಪಕ್ಕದಲ್ಲಿ ಮಲಗಿಸಲು ಹೇಳಿ, ಅದರ ಬೆನ್ನಿಗೆ ಒಂದು ಕೈಯಿಟ್ಟುಕೊಂಡು ಕಾದಳು. ಸಂಜೆಯ ಹೊತ್ತಿಗೆ ಅದು ತಾನಾಗಿ ಅವಳ ಎದೆಯತ್ತ ಹೊರಳಿತು. ಹಾಲು ಕಡಿಮೆಯಿತ್ತು, ಆದರೆ ಇತ್ತು.

ಮನೆಗೆ ಹೋಗುವ ದಿನ ಸಿಸ್ಟರ್ ಅವಳಿಗೆ ಧನುರ್ವಾಯುವಿನ ಲಸಿಕೆ ಚುಚ್ಚಿದರು. ಇಷ್ಟೆಲ್ಲ ಅನುಭವಿಸಿದವಳಿಗೆ ಮತ್ತೆ ಲಸಿಕೆ ಏಕೆಂದು ನಾನು ಕೇಳಿದೆ. ಕೆಲವು ಕಾಯಿಲೆಗಳು ಒಮ್ಮೆ ಬಂದು ಹೋದರೆ ಮೈ ಅವನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಒಳಗೆ ಬಿಡುವುದಿಲ್ಲ. ಧನುರ್ವಾಯು ಹಾಗಲ್ಲ, ಮೈಗೆ ಏನನ್ನೂ ಕಲಿಸದೆ ಹೋಗುತ್ತದೆ ಎಂದು ಅವರು ವಿವರಿಸಿದರು. ನಾಳೆ ಇನ್ನೊಂದು ಮೊಳೆ ಚುಚ್ಚಿದರೆ ಎಲ್ಲವೂ ಮೊದಲಿನಿಂದ. ಅಂಥ ದೊಡ್ಡ ಬಿರುಗಾಳಿ ಮಾಡಲಾಗದ್ದನ್ನು ಒಂದು ಹನಿ ಲಸಿಕೆ ಮಾಡುತ್ತದೆ ಎಂಬುದನ್ನು ನಾನು ಇವತ್ತಿಗೂ ಬೆರಗಿನಿಂದಲೇ ನೆನೆಯುತ್ತೇನೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಈ ಕಾಯಿಲೆ ತೀರಾ ಅಪರೂಪವಾಗಿತ್ತು. ಕತ್ತಲೆ ಕೋಣೆಯ ಕಪ್ಪು ಬಟ್ಟೆ ತೆಗೆದು ಅಲ್ಲಿ ಮಾನಿಟರುಗಳನ್ನು, ಉಸಿರಾಟದ ಯಂತ್ರಗಳನ್ನು ಇಟ್ಟರು. ನಾಡಿಯನ್ನು ಈಗ ಪರದೆಯೇ ತೋರಿಸುತ್ತದೆ. ಒಳ್ಳೆಯದೇ ಆಯಿತು. ಆ ಯಂತ್ರಗಳಿದ್ದಿದ್ದರೆ ಉಳಿಯುತ್ತಿದ್ದ ಕೆಲವರು ನಮ್ಮ ಕೈಯಲ್ಲಿ ಹೋಗಿದ್ದಾರೆ. ಸ್ನೇಹಾಗೆ ನಾನು ಹೇಳುವುದಿಷ್ಟೆ. ಪರದೆ ನೋಡು, ಅದರ ಜತೆಗೆ ಮಂಚದ ಮೇಲಿರುವವರನ್ನೂ ನೋಡು. ನಂಬರು ಬಂದ ಮೇಲೆ ಇಷ್ಟು ಹೊತ್ತು ನೋಡುತ್ತ ಕೂರಲು ನಿನ್ನನ್ನು ಯಾರೂ ಬಿಡುವುದಿಲ್ಲ.

ನನ್ನ ನಂಬರು ಮಲ್ಲವ್ವ ಹೋದ ಕೆಲವು ದಿನಗಳಿಗೆ ಬಂತು. ಮ್ಯಾಟ್ರನ್ ಆಫೀಸಿನಿಂದ ಕರೆದು ಹೇಳಿದರು, ವಾರ್ಡಿನವರು ಪೇಡೆ ತಿಂದರು. ಅಷ್ಟು ಕಾದಿದ್ದೆನಲ್ಲ, ನಂಬರು ಬಂದ ಮೇಲೆ ಮೊದಲ ಸೂಜಿ ಯಾರಿಗೆ ಕೊಟ್ಟೆ ಎಂಬುದೇ ಈಗ ನೆನಪಿಲ್ಲ.

ನೆನಪಿರುವುದು ಬೇರೊಂದು. ಲಸಿಕೆಯ ಎರಡನೆಯ ಸರದಿಗೆ ಮಲ್ಲವ್ವ ಹೊರರೋಗಿ ವಿಭಾಗಕ್ಕೆ ಬಂದಳು. ಕಂಕುಳಲ್ಲಿ ಮಗ, ಹಿಂದೆ ಹಣಮಂತ. ಮುಖ ತುಂಬಿಕೊಂಡಿತ್ತು, ಗುರುತೇ ಸಿಗುತ್ತಿರಲಿಲ್ಲ. ನೋಂದಣಿಯಾದವರಷ್ಟೇ ಕಟ್ಟುವ ಹೊಸ ಬೆಲ್ಟನ್ನು ನನ್ನ ಸೊಂಟದಲ್ಲಿ ನೋಡಿ, ನಂಬರು ಬಂದಿದೆಯೆಂದು ಅವಳಿಗೆ ತಾನಾಗಿ ತಿಳಿಯಿತು. ಸೂಜಿ ಕೊಡುವವಳು ನಾನೇ ಎಂದಾಗ ಖುಷಿಪಟ್ಟು ಸ್ಟೂಲಿನ ಮೇಲೆ ಕುಳಿತಳು. ನಾನು ಸಿರಿಂಜು ಎತ್ತಿದೆ. ಅವಳು ಮಗುವನ್ನು ಗಂಡನ ಕೈಗೆ ಕೊಟ್ಟು, ಮುಖ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನನ್ನ ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

“ಸಾವಕಾಶ ಮಾಡ್ರಿ ಅಕ್ಕಾರ” ಎಂದಳು. “ಸೂಜಿ ಅಂದ್ರ ನನಗ ಬಾಳ ಅಂಜಿಕಿ ಬರತೈತ್ರಿ.”

ಹಣಮಂತ ನಕ್ಕ. ನನಗೂ ನಗು ಬಂತು. ಎಲುಬು ಮುರಿಯುವಂಥ ಸೆಳವನ್ನು ಎಚ್ಚರವಿದ್ದೇ ತಡೆದುಕೊಂಡ ತೋಳು ಅದು, ನನ್ನ ಕೈಯಲ್ಲಿ ಎಳೆಯ ಹುಡುಗಿಯ ತೋಳಿನಂತೆ ನಡುಗುತ್ತಿತ್ತು. ಆ ನಡುಕ ನಿಲ್ಲುವ ತನಕ ಕಾದೆ. ಆಮೇಲೆ ಚುಚ್ಚಿದೆ.

“ಆತೇನ್ರಿ?” ಎಂದು ಒಂದು ಕಣ್ಣು ತೆರೆದು ಕೇಳಿದಳು.

ಆಯಿತು ಎಂದೆ.